ದನಿಗೆ ರಜೆ

ಭೀಮರಾಜ್ ಮಾಡುತ್ತಿದ್ದ ಸಂಗೀತದಲ್ಲಿ ಹಾಡೂ ಇರಲಿಲ್ಲ, ತಾಳವೂ ಇರಲಿಲ್ಲ. ಕೀಬೋರ್ಡಿನ ಒಂದು ಸ್ವರವನ್ನು ಹಿಡಿದು ಎಳೆದೆಳೆದು, ಅದರ ಬೆನ್ನಿಗೆ ಇನ್ನೊಂದನ್ನು ಸೇರಿಸಿ, ಕೋಣೆಯ ತುಂಬ ಮಂಜು ಕವಿದ ಹಾಗೆ ಮಾಡುತ್ತಿದ್ದ. ಅದಕ್ಕೆ ಆಂಬಿಯೆಂಟ್ ಅನ್ನುತ್ತಾರೆ. ಇಂಟರ್ನೆಟ್ಟಿನಲ್ಲಿ ಹಾಕಿದ್ದನ್ನು ಕೇಳುವವರು ಅಲ್ಲಲ್ಲಿ ಇದ್ದರು, ಹೆಚ್ಚಿನವರು ನಿದ್ದೆ ಬರಲೆಂದು ಕೇಳುವವರು. ಯಲಹಂಕ ಹಳೇ ಊರಿನ ಅವನ ಮನೆಯಲ್ಲಿ ಮಾತ್ರ ಅದನ್ನು ಸಂಗೀತವೆಂದು ಒಪ್ಪಿದವರು ಕಡಿಮೆ. “ಅದೇನ್ಲಾ ಅದು, ಫ್ರಿಜ್ಜು ಕೆಟ್ಟೋದಂಗೆ ಗುಂಯ್ ಅಂತದೆ” ಎನ್ನುತ್ತಿದ್ದರು ಅಪ್ಪ ಚಿಕ್ಕಹನುಮಯ್ಯ.

ಒಪ್ಪಿದ್ದವಳು ಹೆಂಡತಿ ಧನಲಕ್ಷ್ಮಿ. ಹೆಬ್ಬಾಳದ ಒಂದು ವಿಮಾ ಕಂಪನಿಯಲ್ಲಿ ಫೋನಿನಲ್ಲಿ ಗ್ರಾಹಕರ ದೂರು ಕೇಳುವುದು ಅವಳ ಕೆಲಸ. ಸಂಜೆ ಬಂದವಳೇ ಕಾಫಿ ಕೂಡ ಕುಡಿಯದೆ ಅವನ ಕೋಣೆಯ ಗೋಡೆಗೆ ಒರಗಿ, ಕಣ್ಣು ಮುಚ್ಚಿ ಕೂತುಬಿಡುತ್ತಿದ್ದಳು.

ಬರಬರುತ್ತ ಭೀಮರಾಜನಿಗೆ ತನ್ನ ಸಂಗೀತವೇ ಸಾಕಾಗಿಹೋಯಿತು. ಏನು ಮಾಡಿದರೂ ಹೋದ ವರ್ಷ ಮಾಡಿದ್ದೇ ಮತ್ತೆ ಬರುತ್ತಿತ್ತು. ಆರ್.ಟಿ. ನಗರದಲ್ಲಿ ಸಣ್ಣ ಸ್ಟುಡಿಯೋ ಇಟ್ಟುಕೊಂಡಿದ್ದ ಗೆಳೆಯ ಜಿಯಾವುಲ್ಲಾ ಒಮ್ಮೆ ಕೇಳಿ, “ಎಲ್ಲಾ ಚೆನ್ನಾಗಿದೆ ಗುರು. ಆದ್ರೆ ಇದ್ರಲ್ಲಿ ಮನುಷ್ಯರೇ ಇಲ್ವಲ್ಲೋ. ಒಂದ್ ದನಿ ಹಾಕು” ಅಂದ.

ಸೋಲದೇವನಹಳ್ಳಿಯ ಕಾಲೇಜಿನಲ್ಲಿ ಓದುತ್ತಿದ್ದ ಮೋನಿಷಾ ಎಂಬ ಹುಡುಗಿಯನ್ನು ಕರೆಸಿ ಹಾಡಿಸಿದರು. ಸೊಗಸಾಗಿ ಹಾಡಿದಳು. ಆದರೆ ಆ ದನಿ ನೀರಿನ ಮೇಲಿನ ಎಣ್ಣೆಯ ಹಾಗೆ ತೇಲುತ್ತಲೇ ಉಳಿಯಿತು, ಬೆರೆಯಲಿಲ್ಲ. ಕೊನೆಗೆ ತಾನೇ ಹಾಡಿ ನೋಡಿದ. ತನ್ನ ದನಿ ಕೇಳಿ ತಾನೇ ನಾಚಿ ಹೆಡ್‌ಫೋನ್ ತೆಗೆದಿಟ್ಟ.

ನೀನೇ ದನಿ ಕೊಡ್ತೀಯಾ ಎಂದು ಧನಲಕ್ಷ್ಮಿಯನ್ನು ಕೇಳಿದಾಗ ಅವಳು ಕಣ್ಣು ತೆರೆಯಲಿಲ್ಲ.

“ಬೆಳಗ್ಗಿಂದ ಸಾರಿ ಸರ್, ಸಾರಿ ಮೇಡಂ ಅಂತ ಹೇಳಿ ಹೇಳಿ ಬಂದಿದೀನಿ ಕಣ್ರೀ. ನಿಮ್ಮ ಮ್ಯೂಸಿಕ್ ನಂಗ್ಯಾಕೆ ಇಷ್ಟ ಗೊತ್ತಾ? ಅದ್ರಲ್ಲಿ ಯಾರೂ ನಂಜೊತೆ ಮಾತಾಡಲ್ಲ. ಅಲ್ಲಿಗೂ ದನಿ ತಂದು ತುಂಬಬೇಡಿ.”

ಅವನು ಮತ್ತೆ ಆ ಮಾತು ಎತ್ತಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಅವಳ ಗಂಟಲು ಕೈಕೊಟ್ಟಿತು. ಒಂದು ದಿನ ಫೋನಿನಲ್ಲಿ ಮಾತಾಡುತ್ತಿದ್ದ ಹಾಗೇ ದನಿ ನಿಂತುಹೋಯಿತಂತೆ. ಡಾಕ್ಟರು ಗಂಟಲೊಳಗೆ ಊತವಿದೆ ಎಂದರು. ಎರಡು ವಾರ ಮಾತೇ ಆಡಕೂಡದು, ಪಿಸುಗುಟ್ಟಲೂ ಕೂಡದು. ಮೊದಮೊದಲು ಅವಳು ಬೇಕಾದ್ದನ್ನು ಫೋನಿನಲ್ಲಿ ಬರೆದು ತೋರಿಸುತ್ತಿದ್ದಳು. ಆಮೇಲೆ ಅದನ್ನೂ ಬಿಟ್ಟಳು. ಚಿಕ್ಕಹನುಮಯ್ಯ ಸೊಸೆಗೆ ಕಿವಿಯೂ ಕೇಳುವುದಿಲ್ಲವೇನೋ ಎಂಬಂತೆ ಕೈಸನ್ನೆಯಲ್ಲೇ ಊಟಕ್ಕೆ ಕರೆಯತೊಡಗಿದರು.

ಹಗಲೆಲ್ಲ ಅವಳು ಭೀಮರಾಜನ ಕೋಣೆಯಲ್ಲಿ ಚಾಪೆ ಹಾಸಿಕೊಂಡು ಮಲಗುತ್ತಿದ್ದಳು. ಎಷ್ಟು ವರ್ಷದ ನಿದ್ದೆ ಬಾಕಿಯಿತ್ತೋ. ಅವನು ಸದ್ದು ತಗ್ಗಿಸಿ ಕೆಲಸ ಮಾಡುತ್ತ, ಆಗಾಗ ಅವಳ ಮುಖ ನೋಡುತ್ತಿದ್ದ. ಹುಬ್ಬಿನ ನಡುವಿನ ಗಂಟು ನಿದ್ದೆಯಲ್ಲೂ ಬಿಚ್ಚಿರಲಿಲ್ಲ. ಇಂಥವಳ ಹತ್ತಿರ ಇನ್ನಷ್ಟು ದನಿ ಕೇಳಿದ್ದೆನಲ್ಲ ಎಂದು ಅವನಿಗೆ ಕಸಿವಿಸಿಯಾಯಿತು.

ಎರಡು ವಾರ ಕಳೆದ ಮೇಲೆ ಡಾಕ್ಟರು, ಬಾಯಿ ಮುಚ್ಚಿಕೊಂಡು ಮೆಲ್ಲಗೆ ‘ಮ್’ ಎನ್ನುತ್ತ ಗಂಟಲನ್ನು ಪಳಗಿಸಿಕೊಳ್ಳಿ ಎಂದರು. ಮಾವನ ಎದುರು ಹಾಗೆ ಮಾಡಲು ಅವಳಿಗೆ ನಾಚಿಕೆ. ಕೋಣೆಗೆ ಬಂದು ಬಾಗಿಲು ಹಾಕಿ, ಒಡೆದ ದನಿಯಲ್ಲಿ ಅಂದಳು:

“ನಿಮ್ಮದು ಏನಾದ್ರೂ ಹಾಕಿ. ನನ್ನ ದನಿ ಹೊರಗೆ ಕೇಳ್ಬಾರ್ದು.”

ಅವನು ಹಾಕಿದ. ಅವಳು ಶುರುಮಾಡಿದಳು. ದನಿ ಒರಟಾಗಿತ್ತು, ಏರಲು ಹೋಗಿ ನಡುವೆ ಕಡಿದುಹೋಗುತ್ತಿತ್ತು. ಕಡಿದಾಗ ಸುಮ್ಮನಿದ್ದು, ಉಸಿರೆಳೆದು, ಮತ್ತೆ ಹಿಡಿಯುತ್ತಿದ್ದಳು. ಯಾರನ್ನೂ ಮೆಚ್ಚಿಸುವ ಆತುರ ಅದರಲ್ಲಿರಲಿಲ್ಲ. ಅವನ ಕೈ ಮೈಕಿನತ್ತ ಹೋಗಿ ತಡೆದು ನಿಂತಿತು.

“ಧನೂ, ರೆಕಾರ್ಡ್ ಮಾಡ್ಲಾ? ಬೇಡ ಅಂದ್ರೆ ಬೇಡ.”

ಅವಳು ಮೈಕನ್ನೊಮ್ಮೆ ನೋಡಿದಳು. “ಮಾತಿರಲ್ಲ ತಾನೆ?”

“ಒಂದೂ ಇಲ್ಲ.”

“ಹೆಸರು ಹಾಕ್ಬೇಡಿ ಮತ್ತೆ.”

ರೆಕಾರ್ಡಿಂಗಿನ ಅರ್ಧದಲ್ಲಿ, ಹತ್ತಿರದ ವಾಯುಪಡೆ ನೆಲೆಯ ವಿಮಾನವೊಂದು ತಲೆಯ ಮೇಲೆ ಹಾದುಹೋಯಿತು. ಅಂಥ ಸದ್ದು ಬಂದರೆ ನಿಲ್ಲಿಸಿ ಮೊದಲಿನಿಂದ ಶುರುಮಾಡುವುದು ಭೀಮರಾಜನ ರೂಢಿ. ಅಂದು ನಿಲ್ಲಿಸಲಿಲ್ಲ. ಅವಳಿಗೆ ಮತ್ತೊಮ್ಮೆ ಮಾಡು ಎನ್ನಲು ಬಾಯಿ ಬರಲಿಲ್ಲ.

ಜಿಯಾವುಲ್ಲಾ ಅದನ್ನು ಕೊನೆಯವರೆಗೂ ಕೇಳಿ, “ಯಾರ್ ಗುರು ಇವ್ರು?” ಅಂದ.

“ಒಬ್ರು.”

“ತುಂಬಾ ಸುಸ್ತಾಗಿದಾರೆ, ಪಾಪ. ಏನೂ ತಿದ್ದಬೇಡ ಮಗಾ, ಹಂಗೇ ಬಿಡು.”

ಹಾಡು ಹೊರಬಂತು. ಹಳೆಯ ಕೇಳುಗನೊಬ್ಬ, ಮೊದಲು ನಿಮ್ಮ ಸಂಗೀತ ಹಾಕಿದರೆ ನಿದ್ದೆ ಬರುತ್ತಿತ್ತು, ಈಗ ಪಕ್ಕದಲ್ಲಿ ಯಾರೋ ಎಚ್ಚರವಾಗಿ ಕೂತ ಹಾಗಾಗಿ ನಿದ್ದೆಯೇ ಹತ್ತುವುದಿಲ್ಲ ಎಂದು ಬೇಸರದಿಂದ ಬರೆದಿದ್ದ. ಭೀಮರಾಜ್ ಓದಿ ಹೇಳಿದಾಗ ಧನಲಕ್ಷ್ಮಿ ಕೆಮ್ಮು ಬರುವವರೆಗೂ ನಕ್ಕಳು.

ಅವಳು ಮತ್ತೆ ಕೆಲಸಕ್ಕೆ ಹೋದಳು. ಕಂಪನಿಯವರು ಅರ್ಧ ದಿನ ಮಾತ್ರ ಫೋನು ಕೊಟ್ಟು, ಉಳಿದರ್ಧ ಈಮೇಲ್ ನೋಡಲು ಬಿಟ್ಟರು. ಕೆಲವು ಸಂಜೆ ಭೀಮರಾಜ್ ಹೊಸದೊಂದನ್ನು ನುಡಿಸುವಾಗ ಮೈಕಿನ ಕಡೆ ನೋಡಿ, “ಇವತ್ತು ಬೇಡ ಕಣ್ರೀ” ಎನ್ನುತ್ತಿದ್ದಳು. “ಸರಿ” ಎನ್ನುತ್ತಿದ್ದ ಅವನು. ಹಾಗೆ ಎಷ್ಟೋ ಸಂಜೆಗಳು ಹೋದವು. ಮುಂದಿನ ಹಾಡಿಗೆ ಅವಳ ದನಿ ಸಿಕ್ಕಿದ್ದು ಮಾವಿನಕಾಯಿ ಪೇಟೆಗೆ ಬಂದ ಮೇಲೆ, ಅದೂ ಒಂದು ಉಸಿರಿನಷ್ಟು. ಅವನು ಅಷ್ಟನ್ನೇ ಇಟ್ಟುಕೊಂಡು, ಸುತ್ತಲಿನದನ್ನೆಲ್ಲ ಅದಕ್ಕೆ ತಕ್ಕಂತೆ ತಗ್ಗಿಸಿದ.