ಸಮಾವೇಶದಲ್ಲಿ ದಮಾಮಿ

ಮುಂಡಗೋಡ ಹತ್ತಿರದ ಇಂದೂರಿನ ನೀಲಂ ತನ್ನ ಕುಣಿತದ ತಂಡವನ್ನು ಕರೆದುಕೊಂಡು ವಿಜಯಪುರದಲ್ಲಿ ಇಳಿದಾಗ ಅತ್ತೆ ಸೋನುಬಾಯಿಗೆ ಎತ್ತ ನೋಡಲಿ ಎಂದು ತಿಳಿಯಲಿಲ್ಲ. ಆಕೆ ಮುಂಡಗೋಡದ ಸಂತೆ, ಹುಬ್ಬಳ್ಳಿಯ ದವಾಖಾನೆ ಬಿಟ್ಟು ಬೇರೆ ಊರು ಕಂಡವಳಲ್ಲ. ಇಲ್ಲಿ ಎತ್ತ ತಿರುಗಿದರೂ ಗುಮ್ಮಟ, ಕಮಾನು, ಕೋಟೆಗೋಡೆ.

"ಆಮ್ಯಾಲೆ ನೋಡೂಣು, ಮೊದ್ಲ ನಡಿ," ಎಂದು ದಮಾಮಿ ಡೋಲು ಹೊತ್ತಿದ್ದ ಮಾವ ಪೆದ್ರು ಅವಸರ ಮಾಡಿದ.

ದೇಶದ ಹೋಟೆಲ್ ಉದ್ಯಮಿಗಳು ಆ ವರ್ಷದ ಸಮಾವೇಶವನ್ನು ದೊಡ್ಡ ಶಹರ ಬಿಟ್ಟು ಈ ಹಳೆಯ ಊರಿನಲ್ಲಿ ಇಟ್ಟುಕೊಂಡಿದ್ದರು. ಬೆಳಗ್ಗೆ ವ್ಯವಹಾರ, ಸಂಜೆ ಸ್ಮಾರಕಗಳ ಸುತ್ತಾಟ. ಉದ್ಘಾಟನೆಗೆ ಸಿದ್ದಿಗಳ ಕುಣಿತ ಬೇಕೆಂದು ಇವರನ್ನು ಕರೆಸಿದವಳು ವ್ಯವಸ್ಥಾಪಕಿ ನಿರ್ಮಲಾ.

ಸಭಾಂಗಣದ ಹಿಂದಿನ ಕೋಣೆಯಲ್ಲಿ ಆಕೆ ಒಂದು ಚೀಲ ಬಿಚ್ಚಿದಳು. ಒಳಗೆ ಪ್ಲಾಸ್ಟಿಕ್ ಎಲೆಗಳ ಲಂಗ, ಬಣ್ಣದ ಗರಿ.

"ಇವನ್ನ ಹಾಕ್ಕೊಳ್ರಿ. ಬಂದೋರಿಗೆ ಕಾಡಿನೋರು ಅನಸಬೇಕು ನೋಡ್ರಿ."

ನೀಲಂ ಲಂಗವನ್ನು ಮಡಚಿ ಮತ್ತೆ ಚೀಲಕ್ಕೆ ಹಾಕಿದಳು. ಹೊರಗೆ ಕುರ್ಚಿಗಳು ತುಂಬುತ್ತಿದ್ದವು.

"ಅಕ್ಕಾರ, ನಮ್ಮ ಮದುವಿ ಹಬ್ಬದಾಗ ನಾವು ಸೀರಿ ಉಟ್ಟು ಕುಣೀತೇವ್ರಿ. ಇಲ್ಲೂ ಹಂಗ ಕುಣೀತೇವಿ. ಆಗೂದಿಲ್ಲಂದ್ರ ಈಗ ಹೇಳ್ರಿ, ಹೊಳ್ಳಿ ಹೋಗ್ತೇವಿ."

ಅಷ್ಟು ದೂರದಿಂದ ಬಂದು ಹಾಗೇ ಹೋಗುವುದೇ? ತಂಡದ ಹೆಂಗಸರು ನೀಲಂಳತ್ತ ಹೊರಳಿದರು. ಅಷ್ಟರಲ್ಲಿ ಮೈಕಿನಲ್ಲಿ ಅವರ ತಂಡದ ಹೆಸರು ಕೂಗಿದರು. ನಿರ್ಮಲಾ ಚೀಲವನ್ನು ಕಾಲಿನಿಂದ ಮೂಲೆಗೆ ಸರಿಸಿದಳು.

"ಹೋಗ್ರಿ, ಹೋಗ್ರಿ. ನಿಮಗ ಹೆಂಗ ಬರ್ತದೋ ಹಂಗ ಮಾಡ್ರಿ."

ವೇದಿಕೆ ಹತ್ತಿದ ನೀಲಂ, ಯಾರೂ ಹೇಳದಿದ್ದರೂ ಮೈಕು ತೆಗೆದುಕೊಂಡಳು. "ನಮ್ಮ ಹಿರ್ಯಾರು ಆಫ್ರಿಕಾದಿಂದ ಬಂದೋರ್ರಿ. ಅಂಥಾ ಮಂದಿ ಹಿಂದ ಈ ಊರಿನ ಸುಲ್ತಾನರ ಸೈನ್ಯದಾಗೂ ಇದ್ರಂತ. ಅದಕ್ಕ ಇವತ್ತು ನಾವು ಪರೂರಿಗೆ ಬಂದೇವಿ ಅಂತ ಅನಸವಲ್ದು."

ಪೆದ್ರುವಿನ ಕೈ ದಮಾಮಿಯ ಮೇಲೆ ಬಿತ್ತು. ಆ ಸದ್ದಿಗೆ ಮೇಜಿನ ಮೇಲಿನ ನೀರಿನ ಬಾಟಲಿಗಳು ನಡುಗಿದವು. ಹೆಂಗಸರು ಸೊಂಟ ಬಾಗಿಸಿ, ಹೆಜ್ಜೆ ಜೋಡಿಸಿ ಸುತ್ತತೊಡಗಿದರು. ಮೊದಲು ಮೊಬೈಲ್ ಎತ್ತಿ ಹಿಡಿದಿದ್ದವರು ನಿಧಾನಕ್ಕೆ ಅದನ್ನು ಇಳಿಸಿ ತಾಳ ಹಾಕಿದರು. ಸೋನುಬಾಯಿ ಸುಮ್ಮನಿರಲಿಲ್ಲ. ಕುಣಿಯುತ್ತಲೇ ಕೆಳಗಿಳಿದು ಮುಂದಿನ ಸಾಲಿನಲ್ಲಿ ಕೋಟು ತೊಟ್ಟು ಕೂತಿದ್ದ ಹಿರಿಯರೊಬ್ಬರ ಕೈ ಹಿಡಿದಳು.

"ಬರ್ರಿ ಅಣ್ಣಾರ, ಕುಂತು ಕುಂತು ಕಾಲು ಹಿಡಕೊಂತಾವ!"

ಅವರು ಎದ್ದರು. ಅವರ ಬೆನ್ನಿಗೆ ಇಡೀ ಸಾಲು ಎದ್ದಿತು. ಟೈ ಸಡಿಲಿಸಿದವರು, ಚಪ್ಪಲಿ ಕಳಚಿಟ್ಟವರು, ಎಲ್ಲರೂ ತಪ್ಪು ಹೆಜ್ಜೆ ಹಾಕುತ್ತ ನಕ್ಕರು. ನೀಲಂ ನಿರ್ಮಲಾಳನ್ನೂ ಎಳೆದುಕೊಂಡಳು.

ಕುಣಿತ ಮುಗಿದಾಗ ನಿರ್ಮಲಾ ಏದುಸಿರು ಬಿಡುತ್ತಿದ್ದಳು. "ನಾ ತಿಳೀದ ಮಾತಾಡಿದೆ, ಮನಸಿಗೆ ಹಚ್ಕೋಬ್ಯಾಡ್ರಿ. ಸಂಜೀ ಮುಂದ ಅತಿಥಿಗಳ ಬಸ್ಸು ಗೋಳಗುಮ್ಮಟಕ್ಕ ಹೊಂಟೈತಿ. ನೀವೂ ಬರ್ರಿ, ಅವರ ಸಂಗಾಟ ಕುಂಡ್ರಿ."

ಗೋಳಗುಮ್ಮಟದ ಕಿರಿದಾದ ಮೆಟ್ಟಿಲು ಹತ್ತುವಾಗ ಸೋನುಬಾಯಿ ನಡುನಡುವೆ ಕೂತು ಸುಧಾರಿಸಿಕೊಂಡಳು. ಮೇಲಿನ ಪಡಸಾಲೆಯಲ್ಲಿ ಒಮ್ಮೆ ಕೂಗಿದರೆ ದನಿ ಏಳು ಸಲ ಮರಳುತ್ತದೆ ಎಂದು ಗೈಡ್ ಹೇಳಿದ್ದೇ ತಡ, ಆಕೆ ಕಟಾಂಜನ ಹಿಡಿದು ಬಾಗಿದಳು. ಮದುವೆಯಾದಂದಿನಿಂದ ಗಂಡನ ಹೆಸರು ಬಾಯಲ್ಲಿ ತಂದವಳಲ್ಲ.

"ಓ ಪೆದ್ರೂ!"

ಗುಮ್ಮಟ ಅದನ್ನು ಹಿಡಿದು ಮತ್ತೆ ಮತ್ತೆ ಕೂಗಿತು. ಉದ್ಯಮಿಗಳು ಚಪ್ಪಾಳೆ ತಟ್ಟಿದರು. ಪೆದ್ರು ನಾಚಿ ಟವೆಲಿನಲ್ಲಿ ಮುಖ ಮುಚ್ಚಿಕೊಂಡ.

"ಸಾಕ ಬಿಡ, ಮಂದಿ ಅದಾರ!" ಎಂದ. ಗುಮ್ಮಟ ಅದನ್ನೂ ಎಲ್ಲರಿಗೂ ಕೇಳಿಸಿತು.