ಸಾರಿತೋಬೆಯ ಮೊದಲ ಗೋರಿ

ದಡದಲ್ಲಿ ನಿಂತಿದ್ದ ಹೆಂಗಸರಿಗೆ ಮೊದಲು ಅರ್ಥವಾಗಲಿಲ್ಲ. ಜೋಲ್‌ಮಿರ್ಜಾನ ಹೆಣ ಹೊತ್ತ ದೋಣಿ ಮುಕ್ಕಾಲು ದಾರಿಯಲ್ಲಿ ನಿಂತೇಬಿಟ್ಟಿತ್ತು. ಗಂಡಸರು ಒಬ್ಬೊಬ್ಬರಾಗಿ ಇಳಿದರು. ನೀರು ಮೊಣಕಾಲಿಗೂ ಬರಲಿಲ್ಲ. ಕೆಸರು ಮಾತ್ರ ತೊಡೆಯವರೆಗೆ ಎಳೆದುಕೊಂಡಿತು. ನೂಕಿದರು, ಜಗ್ಗಿದರು. ಕೊನೆಗೆ ದೋಣಿಯ ಮೂತಿ ಊರಿನ ಕಡೆಗೇ ತಿರುಗಿತು.

"ವಾಪಸ್ ತರ್ತಿದಾರೆ ಕಣ್ರೇ," ಎಂದಳು ಯಾರೋ. ಸತ್ತವನ ಹೆಂಡತಿ ಉಲ್‌ಬೋಸಿನ್ ನೀರಿನಂಚಿಗೆ ನಡೆದಳು.

ಸಾರಿತೋಬೆಯಲ್ಲಿ ಯಾರನ್ನೂ ಹೂಳುತ್ತಿರಲಿಲ್ಲ. ಅರಾಲ್ ಸಮುದ್ರದ ಈ ದ್ವೀಪಕ್ಕೆ ಮೊದಲು ಬಂದ ನಲವತ್ತು ಮನೆತನಗಳು, ಇದು ಬದುಕಿದ್ದವರಿಗೆ, ಎದುರಿನ ತಿಟ್ಟು ಸತ್ತವರಿಗೆ ಎಂದು ಪಾಲು ಮಾಡಿದ್ದವು. ಅಲ್ಲಿ ಒಂದೊಂದು ಮನೆತನಕ್ಕೂ ಒಂದೊಂದು ಸಾಲು. ಹೆಣ್ಣು ನೋಡಲು ಬಂದವರು ಕೂಡ "ನಿಮ್ಮದು ಎಷ್ಟನೇ ಸಾಲು?" ಎಂದೇ ಮಾತು ತೆಗೆಯುತ್ತಿದ್ದರು. ಯುದ್ಧಕ್ಕೆ ಹೋಗಿ ಹಿಂದಿರುಗದವರ ಟೋಪಿಗಳನ್ನಾದರೂ ಅವರವರ ಸಾಲಿನಲ್ಲೇ ಹೂತಿದ್ದರು. ಉಲ್‌ಬೋಸಿನ್‌ಳ ಅತ್ತೆ, ಮಾವ, ದಡಾರದಲ್ಲಿ ಹೋದ ಇಬ್ಬರು ಮಕ್ಕಳು ಏಳನೇ ಸಾಲಿನಲ್ಲಿದ್ದರು. ಈಗ ನದಿಗಳೆಲ್ಲ ಹತ್ತಿ ಹೊಲಗಳ ಪಾಲಾಗಿ ಸಮುದ್ರ ವರ್ಷವರ್ಷವೂ ಬತ್ತುತ್ತಿತ್ತು. ನಡುವಿನ ನೀರು ದೋಣಿಗೆ ಸಾಲದು, ಒಂಟೆ ಹಾಯಲು ಕೆಸರು ಬಿಡದು.

ದೋಣಿ ನಡೆಸಿದ ತಾಜಿಬಾಯ್ ಸೊಂಟದವರೆಗೂ ಕಪ್ಪಾಗಿ ಬಂದು, ತನಗೆ ಅಕ್ಕನ ಸಮಾನಳಾದ ಉಲ್‌ಬೋಸಿನ್‌ಳ ಮುಂದೆ ನಿಂತ. "ತಪ್ಪಾಯ್ತು ಅಪಾ. ಮೂವತ್ತು ವರ್ಷ ಬಿರುಗಾಳೀಲಿ ದಾರಿ ತಪ್ಪದೋನು, ಕೆಸರಲ್ಲಿ ಎಮ್ಮೆ ಹಾಗೆ ಬಿದ್ಕೊಂಡೆ."

ಊರಿಗೆ ಬಂದ ಹೆಣ್ಣುಗಳನ್ನೆಲ್ಲ ಸೊಸೆ ಎಂದೇ ಕರೆಯುತ್ತಿದ್ದ, ನಮಾಜು ಓದಿಸುವ ಮುದುಕ ಕಲ್‌ಮುರಾತ್ ತಗ್ಗಿದ ದನಿಯಲ್ಲಿ ಹೇಳಿದ: "ಸೊಸೇ, ಹೆಣ ಕಾಯಿಸಬಾರದು. ಮೀನಿನ ಕಾರ್ಖಾನೆ ಹಿಂದೆ ತೋಡಿಸ್ತೀನಿ."

"ಆ ಬಯಲಿನಲ್ಲಾ? ಅವರೊಬ್ಬರನ್ನೇ?" ಎಂದಳು ಉಲ್‌ಬೋಸಿನ್.

ನೆರೆಮನೆಯ ಮುದುಕಿ ಅವಳ ತೋಳು ಹಿಡಿದು, "ನಾನಿಲ್ವೇನೇ? ಇವತ್ತೋ ನಾಳೆಯೋ ಹೋಗಿ ಜೊತೆಯಾಗ್ತೀನಿ," ಎಂದಳು.

"ಇಪ್ಪತ್ತು ವರ್ಷದಿಂದ ಇದನ್ನೇ ಹೇಳ್ತಿದೀಯ," ಎಂದಳು ಉಲ್‌ಬೋಸಿನ್. ಆಮೇಲೆ ಮುದುಕನ ಕಡೆ ತಿರುಗಿ, "ಬಡಗಣ ಗಾಳಿ ಬೀಸಿದ್ರೆ ನೀರು ಏರುತ್ತೆ. ನಾಳೆ ಮಧ್ಯಾಹ್ನದವರೆಗೆ ಕಾಯ್ರಿ, ನಿಮ್ಮ ಕಾಲಿಗೆ ಬೀಳ್ತೀನಿ," ಎಂದಳು.

ಕಾದರು. ಮರುದಿನ ಗಾಳಿ ಬೀಸಿದ್ದು ತೆಂಕಣದಿಂದ. ಅದು ಉಪ್ಪಿನ ಧೂಳನ್ನು ತಂದಿತು. ಇದ್ದ ನೀರನ್ನೂ ಇನ್ನಷ್ಟು ದೂರ ನೂಕಿತು.

ಕಾರ್ಖಾನೆಯ ಹಿಂದೆ ಎದೆಯೆತ್ತರ ತೋಡುವಷ್ಟರಲ್ಲಿ ಉಪ್ಪುನೀರು ಜಿನುಗಿತು. ಆಪು ಹುಲ್ಲು ಹಾಸಿ ಅದರ ಮೇಲೇ ಮಲಗಿಸಿದರು. ಮೂರನೆಯ ದಿನ ಉಲ್‌ಬೋಸಿನ್ ಹೋಗಿ ಗೋರಿಯ ಬಲಗಡೆ ಹೆಜ್ಜೆಯಿಂದ ಅಳೆದಳು. "ಇಷ್ಟು ನನಗೆ. ಬೇರೆ ಯಾರಿಗೂ ಕೊಡಬೇಡಿ," ಎಂದು ಕಲ್‌ಮುರಾತ್‌ಗೆ ಹೇಳಿಬಂದಳು. ಅಂದಿನಿಂದ ಅವಳಿಗೆ ಎರಡು ತುತ್ತು ಇಳಿಯತೊಡಗಿತು.

ಹನ್ನೆರಡು ದಿನ ಕಳೆದಿರಬೇಕು. ತಾಜಿಬಾಯ್‌ನ ಸೊಸೆ ಶರಿಪಾ ಬಾಗಿಲಲ್ಲಿ ಬಂದು ನಿಂತಳು. ಬಾಣಂತಿ ಹೊರಗೆ ಬರುವ ದಿನಗಳಲ್ಲ ಅವು. ಅವಳ ಹಸುಗೂಸು ಬೆಳಿಗ್ಗೆ ವಾಂತಿಭೇದಿಯಲ್ಲಿ ತೀರಿಕೊಂಡಿತ್ತು.

"ಅಪಾ, ಎಲ್ಲಾದರೂ ಒಂದು ಮೂಲೇಲಿ ತೋಡೋಣ ಅಂತಾರೆ ಮಾವ. ಇಷ್ಟು ದಿನ ನನ್ನ ಪಕ್ಕ ಬಿಟ್ಟು ಮಲಗಿದ್ದೇ ಇಲ್ಲ ಅದು..."

ಉಲ್‌ಬೋಸಿನ್ ಎದ್ದು ಶಾಲು ಹೊದ್ದು ಹೊರಟಳು. ಶರಿಪಾ ಹಿಂದೆಯೇ ಬಂದಳು. ಕಾರ್ಖಾನೆಯ ಹಿಂದಿನ ಬಯಲಲ್ಲಿ ತಾಜಿಬಾಯ್ ಸಲಿಕೆ ಹಿಡಿದು ಮೂಲೆ ಹುಡುಕುತ್ತಿದ್ದ. ಹೂಳುವ ಹೊತ್ತಿನಲ್ಲಿ ಹೆಂಗಸರು ಗೋರಿಯ ಹತ್ತಿರ ಬರುವಂತಿರಲಿಲ್ಲ; ಆದರೂ ಯಾರೂ ತಡೆಯಲಿಲ್ಲ.

"ಇಲ್ಲೇ ತೋಡಪ್ಪ," ಎಂದು ತಾನು ಅಳೆದಿಟ್ಟ ಜಾಗವನ್ನು ತಾಜಿಬಾಯ್‌ಗೆ ತೋರಿಸಿದಳು. "ಅಷ್ಟು ದೂರ ಬೇಡ, ಇನ್ನೂ ಈಚೆ. ನಮ್ಮನೇವ್ರಿಗೆ ಕಿವಿ ಮಂದ. ಮಗು ಅತ್ತರೆ ಕೇಳಿಸ್ಬೇಕಲ್ಲ."

ತಾಜಿಬಾಯ್ ಎತ್ತಿದ ಸಲಿಕೆಯನ್ನು ಇಳಿಸಲಾರದೆ ಹಾಗೇ ನಿಂತ. ಉಲ್‌ಬೋಸಿನ್ ತನ್ನ ಶಾಲು ತೆಗೆದು, ಹಾಲಿನಿಂದ ಒದ್ದೆಯಾಗಿದ್ದ ಶರಿಪಾಳ ಎದೆಗೆ ಹೊದಿಸಿ, ಅವಳನ್ನು ಮೆಲ್ಲಗೆ ಮನೆಯ ಕಡೆ ನಡೆಸಿಕೊಂಡು ಹೋದಳು.