ಹೆಬ್ಬೆರಳಿನ ಗುಳಿ

ಚಪಾತಿ ಹಿಟ್ಟು ನಾದಿ ಮುಗಿಸಿ, ಉಂಡೆಯ ನೆತ್ತಿಯಲ್ಲಿ ಹೆಬ್ಬೆರಳಿನಿಂದ ಒಂದು ಗುಳಿ ಒತ್ತಿ, ಅದಕ್ಕೆ ನಾಲ್ಕು ಹನಿ ಎಣ್ಣೆ ಬಿಟ್ಟು, ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡುವುದು ಅತ್ತೆಯ ನಲವತ್ತು ವರ್ಷದ ರೂಢಿ. ಅಂದು ಬಟ್ಟೆ ತೆಗೆದಾಗ ಗುಳಿ ಇರಲಿಲ್ಲ. ಉಂಡೆ ನುಣ್ಣಗಿತ್ತು.

ಕಾಯಿಲೆಯ ಔಷಧ ಅವರ ಜೀವ ಉಳಿಸಿ, ಬೆರಳ ತುದಿಗಳ ಸ್ಪರ್ಶವನ್ನು ಒಯ್ದಿತ್ತು. ಬಿಸಿ ಲೋಟವೂ ತಣ್ಣನೆಯ ಲೋಟವೂ ಒಂದೇ. ಆದರೂ ಮೂರು ವಾರಗಳಿಂದ ಹಿಟ್ಟು ಕಲಸುವ ಕೆಲಸವನ್ನು ಹಟ ಮಾಡಿ ವಾಪಸ್ ಪಡೆದಿದ್ದರು. "ನಿನ್ನ ಚಪಾತಿ ಇದ್ರೆ ನನ್ನ ಹಲ್ಲಿನ ಸೆಟ್ಟಿಗೆ ರಜೆ ಕಣೇ," ಎಂದು ಗಂಡ ದಿನವೂ ಹೊಗಳುತ್ತಿದ್ದರು. ಕೈ ಇನ್ನೂ ಸತ್ತಿಲ್ಲ ಎಂದು ಅತ್ತೆ ನಂಬಿದ್ದು ಆ ಮಾತಿನಿಂದಲೇ.

"ಇದನ್ನ ಮತ್ತೆ ನಾದಿದ್ದು ನೀನೇನಾ?"

ಸೊಪ್ಪು ಬಿಡಿಸುತ್ತಿದ್ದ ಸೊಸೆ ತಲೆ ಎತ್ತಲಿಲ್ಲ. "ಸ್ವಲ್ಪ ಗಟ್ಟಿ ಅನ್ನಿಸ್ತು ಅತ್ತೆ."

"ಇವತ್ತೊಂದಿನಾನಾ?"

"ದಿನಾ. ಗುಳೀನೂ ನಾನೇ ಒತ್ತಿಡ್ತಿದ್ದೆ. ಇವತ್ತು ಮರೆತೆ."

"ಮೂರು ವಾರ ನಾನು ಮೆರೆದಿದ್ದೇ ಮೆರೆದಿದ್ದು! ಒಂದು ಮಾತು ಹೇಳೋಕೆ ಏನಾಗಿತ್ತೇ ನಿಂಗೆ?"

"ಬಾಯಿ ಬರ್ಲಿಲ್ಲ."

ಅತ್ತೆ ಅಲ್ಲೇ ಕೂತರು. ಈ ಹುಡುಗಿ ಮನೆಗೆ ಬಂದ ಹೊಸತರಲ್ಲಿ, "ಹಿಟ್ಟು ಇಷ್ಟು ಮೆತ್ತಗಿರಬೇಕು, ತಿಳೀತಾ?" ಎಂದು ಅವಳ ಕಿವಿಯ ಹಾಲೆ ಹಿಡಿದು ಕಲಿಸಿದ್ದು ತಾವೇ. ಈಗ ತಮ್ಮ ಕಿವಿಯನ್ನೇ ಹಿಂಡಿಕೊಂಡರು. ಬೆರಳಿಗೆ ಏನೂ ತಿಳಿಯಲಿಲ್ಲ. ಕಿವಿಗೆ ತಿಳಿಯಿತು.

ಮತ್ತೊಮ್ಮೆ ಹಿಂಡಿ ನೋಡಿದರು. ಎದ್ದರು.

"ಅದು ನಿನ್ನ ಹಿಟ್ಟು. ನಂದು ಬೇರೆ ಕಲಸ್ತೀನಿ."

ಎರಡು ಲೋಟ ಹಿಟ್ಟು ಅಳೆದು, ಉಪ್ಪು ಹಾಕಿ, ನೀರು ಬೆರೆಸಿ ನಾದಿದರು. ಉಂಡೆಯನ್ನು ಎತ್ತಿ, ಕಣ್ಣು ಮುಚ್ಚಿ, ಕೆನ್ನೆಗೆ ಒತ್ತಿಕೊಂಡರು.

"ಗಟ್ಟಿ. ಎರಡು ಚಮಚ ನೀರು ಕೊಡು."

ಮತ್ತೆ ನಾದಿದರು, ಮತ್ತೆ ಕೆನ್ನೆಗಿಟ್ಟರು. "ಇನ್ನೊಂದು."

"ಮಾವ ನೋಡಿದ್ರೆ, ಈ ವಯಸ್ಸಲ್ಲಿ ಪೌಡರ್ ಯಾರಿಗೋಸ್ಕರ ಅಂತಾರೆ," ಎಂದಳು ಸೊಸೆ. ಅತ್ತೆಯ ಕೆನ್ನೆಗೆ ಹಿಟ್ಟು ಮೆತ್ತಿತ್ತು.

"ಅನ್ಲಿ. ಇವತ್ತು ನೀನು ತಿದ್ದಬೇಡ. ಕಲ್ಲಾದ್ರೆ ಕಲ್ಲನ್ನೇ ತಿನ್ನೋಣ."

ಗುಳಿ ಒತ್ತಿ, ಎಣ್ಣೆ ಬಿಟ್ಟು, ಬಟ್ಟೆ ಮುಚ್ಚಿ, ಅತ್ತೆ ಬೇಕೆಂದೇ ಹೊರಗಿನ ಕೋಣೆಗೆ ಹೋದರು. ಗಡಿಯಾರದ ಎದುರು ಅರ್ಧ ಗಂಟೆ ಕೂತರು.

ಬಂದು ಬಟ್ಟೆ ಎತ್ತಿದಾಗ ಗುಳಿ ಹಾಗೆಯೇ ಇತ್ತು, ಎಣ್ಣೆಯ ಸಮೇತ. ಪಕ್ಕದಲ್ಲಿ ಇನ್ನೊಂದು, ಪುಟ್ಟದು. ಸೊಸೆ ಬೆರಳಿಟ್ಟು ನೋಡಿ, ಸುಮ್ಮನೆ ಮುಚ್ಚಿಟ್ಟಿದ್ದಳು.